ಒಬ್ಬಾಕಿಗೇ ಸೂಟಿ

ನಮ್ಮ ಕಡೆ ಸಾಲಿ ರಜಾಕ್ಕ ಸೂಟಿ ಅಂತಾರ. ದೀಪಾವಳಿ ಸೂಟಿ, ಬ್ಯಾಸಗಿ ಸೂಟಿ, ಯಾರರ ದೊಡ್ಡಾವ್ರು ತೀರಿಕೊಂಡ್ರ ಸೂಟಿ. ಇವು ಎಲ್ಲಾ ಮಕ್ಕಳಿಗೂ ಕೂಡೇ ಸಿಗೋ ಸೂಟಿ. ಇದಲ್ದ ಇನ್ನೊಂದು ನಮೂನಿ ಸೂಟಿ ಐತಿ. ಅದು ಕ್ಯಾಲೆಂಡರಿನ್ಯಾಗ ಇಲ್ಲ, ಯಾವ ಆದೇಶದಾಗೂ ಇಲ್ಲ. ಅದನ್ನ ಮಾಸ್ತರು, ಅಕ್ಕೋರು ಒಂದೊಂದು ಮಗುವಿನ ಕಿವಿಯಾಗ ಹೇಳಿ ಕೊಡ್ತಾರ. "ನಾಳೆ ನೀ ಬರಬ್ಯಾಡವಾ, ನಿನಗ ಸೂಟಿ." ಮ್ಯಾಲಿನ ಸಾಹೇಬ್ರು ಬಂದು ಮಕ್ಕಳನ್ನ ಓದಿಸಿ ನೋಡೋ ದಿನ, ಓದಾಕ ಬರದ ಮಕ್ಕಳು ಮನ್ಯಾಗ ಇರಲಿ ಅಂತ ಕೊಡೋ ಸೂಟಿ ಅದು. ನಾನೂ ಒಬ್ಬಾಕಿ ಅಕ್ಕೋರು. ಇಪ್ಪತ್ತೆರಡು ವರ್ಷದ ನೌಕರಿಯಾಗ ಅಂಥಾ ಸೂಟಿ ಎಷ್ಟು ಮಕ್ಕಳಿಗಿ ಕೊಟ್ಟೇನೋ ನೆನಪಿಲ್ಲ. ಒಂದು ಹುಡುಗಿಗಿ ಕೊಟ್ಟದ್ದು ಮಾತ್ರ ಮರಿಯಾಕ ಆಗವಲ್ದು.

ಊರಿನ ಹೆಸರು ಹೇಳೂದಿಲ್ಲ. ತಿಕೋಟಾ ದಾಟಿ ಹೊನವಾಡ ಕಡೆ ಹೋಗೋ ರಸ್ತೆಗಿ ಐತಿ ಅಂದ್ರ ಸಾಕು. ನಾ ಇರೋದು ವಿಜಯಪುರ ಶಹರದಾಗ. ಮುಂಜಾನೆದ್ದು ಮನಿ ಕೆಲಸ ಮುಗಿಸಿ, ಎರಡು ರೊಟ್ಟಿ ಕಟಗೊಂಡು ಸ್ಟ್ಯಾಂಡಿಗಿ ಓಡೋದು, ಬಸ್ಸಿನ್ಯಾಗ ಜಾಗಾ ಸಿಕ್ರ ಕೂಡೋದು, ಇಲ್ಲಂದ್ರ ಕಂಬಿ ಹಿಡಕೊಂಡು ನಿಂದ್ರೋದು. ತಿಕೋಟಾದಾಗ ಅರ್ಧ ಬಸ್ ಖಾಲಿ ಆಗ್ತದ. ಅಲ್ಲಿಂದ ಮುಂದ ಎರಡೂ ಕಡೆ ದ್ರಾಕ್ಷಿ ಪಡ, ಅಂದ್ರ ದ್ರಾಕ್ಷಿ ತ್ವಾಟ, ನಡುನಡುವ ಜ್ವಾಳದ ಹೊಲ. ನಮ್ಮ ಸಾಲಿ ಮಕ್ಕಳ ಅವ್ವಂದಿರು ಭಾಳ ಮಂದಿ ಅದೇ ಪಡದಾಗ ಕೂಲಿ ಮಾಡ್ತಾರ. ನಾ ಬಸ್ ಇಳಿಯೋದು ನೋಡಿದ್ರ ದೂರಿಂದನ "ಅಕ್ಕೋರ, ಬಂದ್ರೇನ್ರಿ?" ಅಂತ ಕೂಗ್ತಿದ್ರು. ಆ ಒಂದು ಮಾತಿಗೇ ನನಗ ಅರ್ಧ ದಣಿವು ಇಳೀತಿತ್ತು.

ಸಾಲಿ ಬಾಗಲಿಗಿ ಒಂದು ರ‍್ಯಾಂಪ್ ಐತಿ. ವಿಶೇಷ ಅಗತ್ಯ ಇರೋ ಮಕ್ಕಳಿಗಂತ ಮಾಡಿಸಿದ ಸಿಮೆಂಟಿನ ಇಳಿಜಾರು, ಅದಕ್ಕೊಂದು ಸ್ಟೀಲಿನ ಕಂಬಿ. ನಮ್ಮ ಹೆಡ್ ಮಾಸ್ತರು ದಿನಾ ಅದರ ಮ್ಯಾಲ ಗಾಡಿ ಹತ್ತಿಸಿ ವರಾಂಡದ ನೆರಳಿಗಿ ಹಚ್ತಾರ. ಗಾಲಿ ಕುರ್ಚಿ ಮ್ಯಾಲ ಬರೋ ಮಗು ನಾ ಇರೋತನಕ ಒಂದೂ ಬಂದಿಲ್ಲ. ರ‍್ಯಾಂಪ್ ಬ್ಯಾಡ ಅಂತ ನಾ ಅನ್ನಾಕತ್ತಿಲ್ಲ, ಇರಲಿ, ಬೇಕ ಬೇಕು. ಆದ್ರ ಇಂಥಾ ಮಕ್ಕಳಿಗೆ ಏನು ಮಾಡೀರಿ ಅಂತ ಫಾರ್ಮಿನ್ಯಾಗ ಕೇಳಿದಾಗೆಲ್ಲಾ ನಾವು "ರ‍್ಯಾಂಪ್ ಇದೆ" ಅಂತ ಬರದು ಕೈ ತೊಳಕೊಂಡೀವಿ. ಕಾಲು ನೆಟ್ಟಗಿದ್ದೂ ಅಕ್ಷರ ಹತ್ತಾಕ ಆಗದ ಮಕ್ಕಳಿಗೆ ಏನು ಮಾಡೀರಿ ಅಂತ ಯಾರೂ ಕೇಳಲಿಲ್ಲ. ನಾವೂ ನಮ್ಮಷ್ಟಕ್ಕ ನಾವು ಹೇಳಾಕ ಹೋಗಲಿಲ್ಲ.

ಆ ಹುಡುಗಿ ನನ್ನ ಕೈಯಾಗ ಬಂದಾಗ ಐದನೇ ಕ್ಲಾಸ್. ಸಣ್ಣ ಮಾರಿ, ಎರಡು ಜಡಿ, ಸದಾ ಎಣ್ಣಿ ಹಚ್ಚಿ ಬಿಗಿದು ಹೆಣದಿರ್ತಿದ್ವು. ಮಾತಿನ್ಯಾಗ ಭಾಳ ಚುರುಕು. ಪರಿಸರ ಪಾಠ ಮಾಡುವಾಗ ನಾ ಪ್ರಶ್ನಾ ಮುಗಿಸೋದರಾಗ ಉತ್ತರ ಬರ್ತಿತ್ತು. ದ್ರಾಕ್ಷಿ ಬಳ್ಳಿಗಿ ಯಾವಾಗ ಚಾಟ್ನಿ ಮಾಡಬೇಕು, ಅಂದ್ರ ಯಾವಾಗ ಸವರಬೇಕು, ಮೋಡ ಮುಚ್ಚಿದ್ರ ಹೂವಿಗೆ ಏನಾಗ್ತದ, ಎಲ್ಲಾ ಹೇಳ್ತಿದ್ಳು. ಒಂದು ಕಥಿ ಒಮ್ಮೆ ಕೇಳಿದ್ರ ವಾರ ಬಿಟ್ಟು ಕೇಳ್ರಿ, ಒಂದು ಮಾತು ತಪ್ಪದ ಹೇಳಾಕಿ. ಪುಸ್ತಕ ತಗಿ ಅಂದ್ರ ಸಾಕು, ಮಾರಿ ಮ್ಯಾಲಿನ ಕಳೆನ ಹೋಗಿಬಿಡ್ತಿತ್ತು. ಬೋರ್ಡ್ ಮ್ಯಾಲ ಬರದದ್ದನ್ನ ರಂಗೋಲಿ ಇಟ್ಟಂಗ ಚಂದ ಇಳಿಸ್ಕೋತಿದ್ಳು. ಏನು ಬರದಿ, ಓದು ಅಂದ್ರ ಬಾಯಿಲ್ಲ. 'ಮರ' ಅಂತ ಬರದ್ರ ಒಂದು ದಿನ 'ವರ' ಅಂತಿದ್ಳು, ಇನ್ನೊಂದು ದಿನ 'ರಮ' ಅಂತಿದ್ಳು, ಮೂರನೇ ದಿನ ಸುಮ್ನ ನನ್ನ ಮಾರಿ ನೋಡ್ತಿದ್ಳು.

ನಾ ಏನು ಮಾಡ್ದೆ? ಎಲ್ಲಾರೂ ಮಾಡೂದ ಮಾಡ್ದೆ. "ಲಕ್ಷ್ಯ ಎಲ್ಲೈತಿ ನಿಂದು? ಬಾಯಿ ಅಷ್ಟು ಜೋರು ಐತಿ, ಕಣ್ಣಿಗೇನಾಗೇತಿ?" ಅಂತ ಬೈದೆ. ಹತ್ತು ಸಲ ಬರಿ ಅಂದೆ, ಐವತ್ತು ಸಲ ಬರಿ ಅಂದೆ. ಬರದು ತಂದ್ಳು ಪಾಪ, ಐವತ್ತೂ ಚಂದನ ಇದ್ವು, ಒಂದೂ ಓದಾಕ ಬರಲಿಲ್ಲ. ಕುಣಿಯಾಕ ಬರದಾಕಿ ನೆಲ ಡೊಂಕು ಅಂದ್ಳಂತ. ಕಲಿಸಾಕ ಬರದಾಕಿ ನಾ, ಹುಡುಗಿನ ಡೊಂಕು ಅಂತ ಸ್ಟಾಫ್ ರೂಮಿನ್ಯಾಗ ಕುಂತು ಹೇಳ್ತಿದ್ದೆ.

ಆಕಿ ಅವ್ವ ಒಮ್ಮೆ ಸಾಲಿಗಿ ಬಂದಿದ್ಳು. ಪಡದಿಂದ ನೆಟ್ಟಗ ಬಂದಾಳ, ಕೈ ಇನ್ನೂ ಜಿಗಿಜಿಗಿ. ಒಳಗ ಬಾ ಅಂದ್ರೂ ಬಾಗಲದಾಗ ನಿಂತು ಮಾತಾಡಿದ್ಳು. "ಅಕ್ಕೋರ, ನಮ್ಮ ಮನ್ಯಾಗ ಓದಾಕ ಬರೋವ್ರು ಯಾರೂ ಇಲ್ರಿ. ಇವರಪ್ಪ ಒಂದ ಮಾತು ಹೇಳ್ತಾನ್ರಿ, ಓದಾಕ ಬಂದ್ರ ಸಾಲಿ, ಬರಲಿಲ್ಲಂದ್ರ ಪಡ ಅಂತ. ಈ ವರ್ಷ ನೋಡ್ತೇನಿ ಅಂದಾನ್ರಿ. ನೀವಾರ ಏನರ ಮಾಡ್ರಿ." ಆ ಹೆಣಮಗಳ ಕಣ್ಣಾಗ ನೀರಿದ್ದಿಲ್ಲ, ಗೋಗರಿಯೂದೂ ಇದ್ದಿಲ್ಲ. ಅಂಗಡ್ಯಾಗ ಸಾಮಾನು ಕೇಳಿದಂಗ ಕೇಳಿದ್ಳು. ನೋಡೂಣಂತ ಬಿಡ್ರಿ ಅಂದು ಕಳಿಸ್ದೆ.

ಮೊದಲನೇ ಸೂಟಿ ಕೊಟ್ಟದ್ದು ಅದಾಗಿ ಹದಿನೈದು ದಿನಕ್ಕ. ಹೆಡ್ ಮಾಸ್ತರು ಕರದ್ರು. "ನಾಳೆ ವಿಜಯಪುರದಿಂದ ಸಾಹೇಬ್ರು ಬರ್ತಾರ್ರಿ. ಮಕ್ಕಳನ್ನ ಎಬ್ಬಿಸಿ ಓದಸ್ತಾರ. ನಿಮ್ಮ ಆ ಹುಡುಗಿಗಿ ಒಂದ್ ದಿನ ಸೂಟಿ ಕೊಟ್ಟಬಿಡ್ರಿ." ಅವರು ಕೆಟ್ಟ ಮನಶ್ಯಾ ಅಲ್ಲ. ಮಕ್ಕಳಿಗಿ ಬಿಸಿ ಊಟಕ್ಕ ತಾವ ನಿಂತು ಬಡಿಸೋ ಮನಶ್ಯಾ. ಆದ್ರ ಸಾಹೇಬ್ರ ಹೆಸರು ಕೇಳಿದ್ರ ಅವರಿಗೆ ಮೈಯಾಗ ಸಣ್ಣಗೆ ಜ್ವರ ಬರ್ತಿದ್ವು. ನಾನೂ ಆತ್ರಿ ಅಂದೆ. ಸಂಜಿಗಿ ಹುಡುಗಿನ್ನ ಕರದು, "ನಾಳೆ ನಿನಗ ಸೂಟಿ ಬೇ" ಅಂದೆ.

"ನನಗೊಬ್ಬಾಕಿಗೇನ್ರಿ?" ಅಂದ್ಳು.

"ಹೂಂ. ನಿನಗೊಬ್ಬಾಕಿಗೇ."

ಖುಷಿ ಆಗಿ ಜಿಗಿದ್ಳು. ಓಣಿ ತುಂಬ ಹೇಳಕೋತ ಹೋದ್ಳಂತ, ನನಗೊಬ್ಬಾಕಿಗೇ ಸೂಟಿ ಕೊಟ್ಟಾರ ಅಕ್ಕೋರು ಅಂತ. ಅದು ಆಕಿಗಿ ಬಹುಮಾನ ಅನಿಸಿತ್ತು.

ಆ ವರ್ಷ ಸಾಲಿಗಿ ಬರೋವ್ರು ಒಬ್ಬಿಬ್ಬರಲ್ಲ. ಒಬ್ರು ಓದಿಸಿ ನೋಡಾಕ, ಒಬ್ರು ಲೆಕ್ಕ ಕೇಳಾಕ, ಇನ್ನೊಬ್ರು ಮೊದಲಿನವ್ರು ಖರೇ ಬಂದಿದ್ರೋ ಇಲ್ಲೋ ನೋಡಾಕ. ನಾಕನೇ ಸಲ ಸೂಟಿ ಕೊಟ್ಟಾಗ ಆಕಿ ಜಿಗೀಲಿಲ್ಲ. "ನಾಳೆ ಸಾಹೇಬ್ರು ಬರ್ತಾರೇನ್ರಿ?" ಅಂತ ಕೇಳಿದ್ಳು. ನಾ ಹುಸಿ ಸಿಟ್ಟು ಮಾಡಿ, "ನಿನಗ್ಯಾಕ ಬೇಕ ಅದೆಲ್ಲಾ, ನಡಿ ಮನಿಗಿ" ಅಂದೆ. ಮಕ್ಕಳು ದಡ್ಡ ಅಂತ ನಾವು ತಿಳಕೊಂಡಿರ್ತೀವಿ, ಆದ್ರ ಅವಕ್ಕ ನಮ್ಮ ಬಂಡವಾಳ ಎಲ್ಲಾ ಗೊತ್ತಿರ್ತದ. ಕ್ಲಾಸಿನ ಉಳಿದ ಮಕ್ಕಳಿಗೂ ತಿಳೀತು. ಇಕಿಗಿ ಸೂಟಿ ಅಂದ್ರ ನಾಳೆ ಸಾಹೇಬ್ರು ಬರ್ತಾರ ಅಂತ ಅವು ಹೊಸ ಅರಿವಿ ತಗದಿಟ್ಕೊಳ್ಳಾಕ ಶುರು ಮಾಡಿದ್ವು. ಆಮ್ಯಾಲ ಆಕಿ ಹೆಸರ ಹೋಗಿ 'ಸೂಟಿ' ಅಂತ ಆತು. "ಏ ಸೂಟಿ, ಬಾ ಆಡೂಣು." "ಲೇ, ಸೂಟಿ ಬಂದ್ಳು ನೋಡ್ರಲೇ." ಮೊದಲು ಆಕಿನೂ ನಗ್ತಿದ್ಳು. ಆಮ್ಯಾಲ ನಗೋದು ಬಿಟ್ಳು. ನಾ ಎರಡು ಸಲ ಬೈದೆ ಮಕ್ಕಳಿಗಿ, ಹಂಗ ಅನಬಾರದಂತ. ಬೈದು ಸುಮ್ನಾದೆ.

ಒಂದು ದಿನ ಹಾಜರಿ ತಗೊಳ್ಳಾಕತ್ತಿದ್ದೆ. ಆಕಿ ಜಾಗಾ ಖಾಲಿ ಇತ್ತು. ತಲಿಯಾಗ ಬ್ಯಾರೆ ಏನೋ ಇತ್ತು, ಮನಿಯಾಗ ಸಿಲಿಂಡರ್ ಮುಗದದ್ದೋ ಏನೋ. ಹಾಜರಿ ಪುಸ್ತಕದಿಂದ ತಲಿ ಎತ್ತದ, "ಸೂಟಿ ಎಲ್ಲೇ ಇವತ್ತ?" ಅಂದುಬಿಟ್ಟೆ.

ಕ್ಲಾಸ್ ಗೊಳ್ ಅಂತ ನಕ್ಕಿತು. ಆಕಿ ಬಾಗಲದಾಗ ನಿಂತಿದ್ಳು. ತಡಾ ಆಗಿತ್ತಂತ, ಒಳಗ ಬರಲೇನ್ರಿ ಅಂತ ಕೇಳಾಕ ನಿಂತಾಕಿ.

ಅಯ್ಯ ಶಿವನ. ಆಗಿನ ಆಕಿ ಮಾರಿ ನಾ ಹೆಂಗ ಹೇಳಲಿ. ಅಳಲಿಲ್ಲ. ಚೀಲ ಎದಿಗಿ ಹಿಡಕೊಂಡು ತನ್ನ ಜಾಗಾಕ್ಕ ಹೋಗಿ ಕುಂತ್ಳು, ಪುಸ್ತಕ ತಗದ್ಳು, ಓದಾಕ ಬರದ ಪುಸ್ತಕದಾಗ ತಲಿ ಇಟ್ಟು ಕುಂತ್ಳು. ಮಕ್ಕಳು ಅಂದದ್ದು ಬ್ಯಾರೆ, ಅಕ್ಕೋರು ಅಂದದ್ದು ಬ್ಯಾರೆ. ಅವತ್ತ ಬಸ್ಸಿನ್ಯಾಗ ಬರುವಾಗ ನನಗ ನಾನ ಬಾಯಿಗಿ ಬಂದಂಗ ಬೈಕೊಂಡೆ.

ಅದೇ ತಿಂಗಳು ಬಬಲೇಶ್ವರದಾಗ ಎರಡು ದಿನದ ತರಬೇತಿ ಬಂತು, ಇಂಥಾ ಮಕ್ಕಳಿಗೆ ಹ್ಯಾಂಗ ಕಲಿಸಬೇಕು ಅಂತ. ಯಾರೂ ಹೋಗಾಕ ಒಲ್ಲೆ ಅಂದದ್ದಕ್ಕ ನನ್ನ ಹೆಸರು ಹಚ್ಚಿದ್ರು. ತರಬೇತಿ ಅಂದ್ರ ನಮಗ ಗೊತ್ತಲ್ರಿ. ಮುಂಜಾನೆ ಉಪ್ಪಿಟ್ಟು, ನಡುವ ಚಹಾ, ಸಂಜಿಗಿ ಸಹಿ. ಮೊದಲನೇ ದಿನ ನಾನೂ ಹಂಗ ಕುಂತಿದ್ದೆ. ಊಟದ ಹೊತ್ತಿನ್ಯಾಗ ಸಂತಿಗಿ ಹೋಗಿ ಬದನಿಕಾಯಿ, ಮೆಂತೆ ತಗೊಂಡು ಬಂದು ಕುರ್ಚಿ ಕೆಳಗ ಇಟಗೊಂಡು ತೂಕಡಿಸಾಕತ್ತಿದ್ದೆ. ಕಲಿಸಾಕ ಬಂದಾಕಿ ನನಗಿಂತ ಸಣ್ಣಾಕಿ. ಆಕಿ ಒಂದು ಮಾತು ಹೇಳಿದ್ಳು, ಅದಕ್ಕ ಎಚ್ಚರಾತು. "ಕೆಲವು ಮಕ್ಕಳಿಗೆ ಅಕ್ಷರ ಕಾಣೂದಿಲ್ಲ ಅಂತಲ್ರಿ, ಅಕ್ಷರ ಒಂದ ಕಡೆ ನಿಂದ್ರೂದಿಲ್ಲ. ಇವತ್ತ ನೋಡಿದ ಅಕ್ಷರ ನಾಳೆ ಬ್ಯಾರೆ ಮಾರಿ ಹಾಕ್ಕೊಂಡು ಬರ್ತದ. ಅವು ದಡ್ಡ ಅಲ್ಲ. ಅವಕ್ಕ ಬ್ಯಾರೆ ದಾರಿ ಬೇಕು."

ಬದನಿಕಾಯಿ ಚೀಲ ಕಾಲಿಂದ ಸರಿಸಿ ಎದ್ದು ನಿಂತು ಕೇಳಿದೆ, "ಆತ್ರಿ, ನಾ ಮುಂಜಾನೆ ಕ್ಲಾಸಿಗಿ ಹೋಗಿ ಏನ್ ಮಾಡ್ಲಿ, ಅದನ್ನ ಹೇಳ್ರಿ." ಎಲ್ಲಾರೂ ನಕ್ರು. ಆಕಿ ನಗಲಿಲ್ಲ. ಒಂದೊಂದ ಹೇಳಿದ್ಳು. ವಾರಕ್ಕ ಒಂದ ಅಕ್ಷರ ಹಿಡೀರಿ. ಕಣ್ಣೊಂದ ಅಲ್ಲ, ಬೊಟ್ಟೂ ಬಾಯಿನೂ ಕೂಡಿ ಕಲೀಲಿ, ಉಸುಕಿನ್ಯಾಗ ತಿದ್ದಿಸ್ರಿ. ಪರೀಕ್ಷಾದಾಗ ಬಾಯಿಲೆ ಉತ್ತರ ತಗೋರಿ. ತಯಾರಿ ಇಲ್ಲದ ಎಲ್ಲಾರ ಮುಂದ ಓದಸಬ್ಯಾಡ್ರಿ. ಮತ್ತ ಕಡೀಕ ಅಂದ್ಳು, "ಕೇಳಿದ ಮ್ಯಾಲ ಸುಮ್ನ ಕೂಡ್ರೂದು ಕಲೀರಿ. ಮಗು ತಡಾ ಮಾಡಿದ್ರ ನಾವ ನಡುವ ಬಾಯಿ ಹಾಕ್ತೀವಿ. ಅದೊಂದು ಬಿಟ್ರ ಅರ್ಧ ಕೆಲಸ ಆದಂಗ."

ಸುಲಭ ಅನಿಸ್ತು. ಸಿಟ್ಟೂ ಬಂತು, ಇಪ್ಪತ್ತೆರಡು ವರ್ಷ ಇದನ್ನ ಯಾರೂ ನನಗ ಹೇಳಲಿಲ್ಲಲ್ಲ ಅಂತ. ಇಂಥಾ ಮಕ್ಕಳಿಗಂತ ಒಬ್ಬರು ವಿಶೇಷ ಶಿಕ್ಷಕರು ನಮ್ಮ ಸಾಲಿಗಿ ತಿಂಗಳಿಗೊಮ್ಮೆ ಬರ್ತಿದ್ರು. ತಾಲೂಕಿನ ಸಾಲಿ ಎಲ್ಲಾ ಅವರೊಬ್ರ ಹೆಗಲ ಮ್ಯಾಲ. ಬಂದು ಅರ್ಧಾ ತಾಸು ಕುಂತು, ಫಾರ್ಮ್ ತುಂಬಿ, ಮುಂದಿನ ಊರಿನ ಬಸ್ ಹಿಡೀಬೇಕು. ಅವರನ್ನ ಬೈದು ಏನು ಉಪಯೋಗ? ಸಾಲಿ ಅನ್ನೋದು ಇಂಥಾ ಮಗುವಿಗೆ ವಾರಕ್ಕ ಎರಡು ದಿನಾರ ಕಲಿಸೋ ಮನಶ್ಯಾನ ಕೊಡಬೇಕು, ಕ್ಲಾಸಿನ ಅಕ್ಕೋರಿಗೆ ಹ್ಯಾಂಗ ಕಲಿಸೋದು ಅಂತ ನೌಕರಿಗಿ ಸೇರಿದ ವರ್ಷನ ಹೇಳಬೇಕು, ಬಂದ ಸಾಹೇಬ್ರು ಎಷ್ಟು ಮಂದಿ ಓದಿದ್ರು ಅಂತ ಕೇಳೋ ಬದಲಿ, ಓದಾಕ ಬರದಾಕಿ ಎಲ್ಲಿ ಕುಂತಾಳ, ಆಕಿಗೇನು ಮಾಡೀರಿ ಅಂತ ಕೇಳಬೇಕು. ಹಂಗ ಕೇಳಿದ್ರ ನಮಗ್ಯಾಕ ಬೇಕಿತ್ತು ಆ ಸೂಟಿ? ಅಡಗಿಸಿ ಇಟ್ರ ಮಾತ್ರ ನಿಮ್ಮ ಸಾಲಿ ಚಲೋ ಅಂತಾರ, ನಾವು ಅಡಗಿಸ್ತೀವಿ.

ಬಬಲೇಶ್ವರದಿಂದ ಬಂದ ಮರುದಿನ ಹುಡುಗಿನ್ನ ಕರದೆ. "ನನ್ನಿಂದ ತಪ್ಪಾತವಾ. ಆ ಹೆಸರು ನಾ ಅನಬಾರದಿತ್ತು" ಅಂದೆ. ಆಕಿ ಗೋಣು ಹಾಕಿದ್ಳು. ಬಿಸಿ ಊಟದ ಅಡಗಿ ಮನಿಯಿಂದ ಒಂದು ಹಳೇ ಪರಾತ ಇಸಗೊಂಡು, ಅದರಾಗ ಜರಡಿ ಹಿಡಿದ ಉಸುಕು ಹಾಕಿದೆ. ದಿನಾ ಊಟ ಆದ ಮ್ಯಾಲ, ಉಳಿದ ಮಕ್ಕಳು ಆಡುವಾಗ, ನಾನೂ ಆಕಿನೂ ಹಿತ್ತಲದ ಬೇವಿನ ಗಿಡದ ಕೆಳಗ ಕೂಡ್ತಿದ್ವಿ. ಮೊದಲನೇ ಅಕ್ಷರ 'ವ'. ಒಂದು ವಾರ ಬರೇ 'ವ'. ಎರಡನೇ ವಾರ 'ಮ'. 'ವ'ಗೂ 'ಮ'ಗೂ ಆಕಿ ಕಣ್ಣಾಗ ದಿನಾ ಜಗಳ. ಅದಕ್ಕ ನಾ ಬಾಯಿ ತೋರಿಸಿ ಹೇಳಿಕೊಟ್ಟೆ. "ನೋಡವಾ, 'ವ' ಅನ್ನುವಾಗ ಹಲ್ಲು ತುಟಿಗಿ ತಾಕ್ತದ. 'ಮ' ಅನ್ನಬೇಕಂದ್ರ ಮೊದಲ ಎರಡೂ ತುಟಿ ಕೂಡಿಸಬೇಕು. ಬಾಯಿ ಪೂರಾ ಮುಚ್ಚು, ಆಮ್ಯಾಲ ಬಿಡು." ಆಕಿ ತುಟಿ ಬಿಗಿಯಾಗಿ ಕೂಡಿಸಿ, ಉಸುಕಿನ್ಯಾಗ ಬೊಟ್ಟು ಆಡಿಸಿ, ಬಾಲ ಪೂರಾ ತಿರುವಿದ ಮ್ಯಾಲ "ಮ" ಅಂತ ಬಿಡ್ತಿದ್ಳು. ತಡಾ ಆಗ್ತಿತ್ತು. ನಾ ಸೆರಗಿನ ತುದಿ ಕೈಯಾಗ ಹಿಂಡಕೋತ ಸುಮ್ನ ಕೂಡ್ತಿದ್ದೆ. ಸುಮ್ನ ಕೂಡೋದು ಎಷ್ಟು ಕಷ್ಟ ಅಂತ ಆವಾಗ ತಿಳೀತು.

ಮೂರು ತಿಂಗಳಿಗೆ ಹನ್ನೆರಡು ಅಕ್ಷರ ಬಂದ್ವು. ಹನ್ನೆರಡರಾಗ ಎಷ್ಟೋ ಮಾತು ಆಗ್ತಾವ ನೋಡ್ರಿ. ಮನ, ಮರ, ವನ, ದನ, ನಗರ. ಪಾಠದ ಪುಸ್ತಕದಾಗ ಒಂದು ಸಾಲು ಹುಡುಕಿದ್ವಿ, 'ಮರದ ನೆರಳಲಿ ದನ' ಅಂತ. ನೆರಳಿನ ಹತ್ರ ಬಂದಾಗ ಆಕಿಗಿ ಬೆವರು ಬರ್ತಿತ್ತು. ಆದ್ರೂ ಓದಿದ್ಳು. ಮೊದಲನೇ ಸಲ ಪೂರಾ ಓದಿ ಮುಗಿಸಿದಾಗ "ಬಂತ್ರಿ ಅಕ್ಕೋರ!" ಅಂತ ಕೂಗಿದ ಕೂಗಿಗೆ ಹೆಡ್ ಮಾಸ್ತರು ಓಡಿ ಬಂದಿದ್ರು, ಹಾವು ಗೀವು ಬಂತೇನಂತ.

ಅವತ್ತ ಸಂಜಿಗಿ ನಾನ ಆಕಿ ಮನಿಗಿ ಹೋದೆ. ತಗಡಿನ ಮನಿ, ಒಳಗ ಗೋಡಿಗಿ ಬುದ್ಧನ ಫೋಟೊ, ನೆಲ ಚೊಕ್ಕ ಸಾರಿಸಿತ್ತು. ಅಪ್ಪ ಇದ್ದ. ಮಗಳು ಒಂದು ಸಾಲು ಪೂರಾ ಓದಿದ್ದು ಹೇಳ್ದೆ. "ನನಗ ಓದಾಕ ಬರೂದಿಲ್ರಿ ಅಕ್ಕೋರ. ಮನ್ಯಾಗ ಓದಿ ತೋರಿಸಿದ್ರ ಖರೇನೋ ಸುಳ್ಳೋ ನನಗ ತಿಳಿಯೂದಿಲ್ಲ. ಸಾಹೇಬ್ರ ಮುಂದ ಒಂದು ಸಾಲು ಓದ್ಲಿ. ಓದಿದ್ಳಂದ್ರ ಎಷ್ಟು ಬೇಕೋ ಅಷ್ಟು ಕಲೀಲಿ, ನಾ ಮುಂದ ಕೇಳೂದಿಲ್ಲ" ಅಂದ. ಆತು ಅಂದೆ. ಹೊರಗ ಬಂದ ಮ್ಯಾಲ ಹುಡುಗಿ ನನ್ನ ಕೂಡ ಬಸ್ಸಿನ ತನಕ ಬಂದ್ಳು. ದಾರಿಯಾಗ ಒಂದ ಕೇಳಿದ್ಳು, "ಈ ಸಲ ಸಾಹೇಬ್ರು ಬಂದಾಗ ನಾ ಬರಲೇನ್ರಿ?" ಬರಬೇಕು, ನೀ ಮುಂದಿನ ಸಾಲಿನ್ಯಾಗ ಕೂಡಬೇಕು ಅಂದೆ.

ಫೆಬ್ರುವರಿಯಾಗ ಸುದ್ದಿ ಬಂತು. ಹೆಡ್ ಮಾಸ್ತರು ಮತ್ತ ಅದೇ ರಾಗ. "ಯಾಕ್ರಿ ಅಕ್ಕೋರ ಇಲ್ಲದ ಉಸಾಬರಿ? ಆಕಿ ಒಂದು ಸಾಲು ಓದೂದರಾಗ ಸಾಹೇಬ್ರು ಊಟ ಮುಗಿಸಿ ಬರ್ತಾರ." ನನಗ ಸಿಟ್ಟು ನೆತ್ತಿಗೇರ್ತು. "ಈ ಸಲ ಸೂಟಿ ಇಲ್ರಿ. ಬೇಕಂದ್ರ ನನಗ ಸೂಟಿ ಕೊಡ್ರಿ" ಅಂದೆ. ಎಷ್ಟು ಧಿಮಾಕು ನೋಡ್ರಿ ನನಗ ಆವಾಗ.

ಸಾಹೇಬ್ರು ಬಂದ್ರು. ಹುಡುಗ ವಯಸ್ಸಿನವ್ರು, ಮಾತು ಮೆತ್ತಗ. ನಾ ಎಣಿಸಿದಂಗ ಜಬರದಸ್ತ್ ಮನಶ್ಯಾ ಅಲ್ಲ. ಕುರ್ಚಿ ಬ್ಯಾಡಂದು ಮಕ್ಕಳ ಮುಂದ ಜಮಖಾನಿ ಮ್ಯಾಲ ಕುಂತ್ರು. ಮೊದಲನೇ ಹುಡುಗ ಬಡಬಡ ಓದಿದ. ಎರಡನೇಕಿ ಇನ್ನೂ ಜೋರಾಗಿ ಓದಿದ್ಳು. ಮೂರನೇಕಿ ಇಕಿ. ಹೊಸ ರಿಬ್ಬನ್ ಕಟಗೊಂಡು ಬಂದಿದ್ಳು. ಸಾಹೇಬ್ರು ತಾವ ಪುಟ ಹುಡುಕಿ, "ಯಾವುದು ಬರುತ್ತೆ ನಿನಗೆ, ಅದನ್ನೇ ಓದಮ್ಮ" ಅಂದ್ರು. ಆಕಿ ಆ ಸಾಲು ಹುಡುಕಿ ಬೊಟ್ಟಿಟ್ಳು. 'ಮರದ' ಅನ್ನೋದರ 'ಮ' ಮ್ಯಾಲ.

ಬೊಟ್ಟು ಅಲ್ಲೇ ನಿಂತಿತ್ತು. ಬಾಯಿ ಮುಚ್ಚೇ ಇತ್ತು. ಫ್ಯಾನ್ ತಿರುಗೋ ಸಪ್ಪಳ ಕೇಳಸ್ತಿತ್ತು. ಹಿಂದ ಯಾವುದೋ ಹುಡುಗ ಕಿಸಕ್ಕಂತ ನಕ್ಕ. ಬಾಗಲದಾಗ ಹೆಡ್ ಮಾಸ್ತರು ಕೆಮ್ಮಿದ್ರು. ಸಾಹೇಬ್ರು ಸುಮ್ನ ಕುಂತಿದ್ರು, ಅವರಿಗೆ ಅವಸರ ಇದ್ದಿಲ್ಲ. ನನಗಿತ್ತು. ಇಡೀ ಸಾಲಿ ನನ್ನ ಮಾರಿನ ನೋಡಾಕತ್ತೇತಿ ಅನಿಸ್ತು. ಯಪ್ಪಾ, ಹುಡುಗಿ ಮರ್ಯಾದಿ ಹೋಗ್ತದ, ಉಳಿಸಬೇಕು ಅಂತ ನನಗ ನಾನ ಹೇಳಿಕೊಂಡೆ. ಖರೇ ಹೇಳಬೇಕಂದ್ರ ನಾ ಉಳಿಸಾಕ ಹೋದದ್ದು ನನ್ನ ಮರ್ಯಾದಿ.

"ಸರ್, ಆಕಿನ್ನ ಬಿಡ್ರಿ" ಅಂದೆ. "ಆಕಿಗಿ ಓದಾಕ ಬರೂದಿಲ್ರಿ. ಆಕಿ ಬ್ಯಾರೆ ನಮೂನಿ ಹುಡುಗಿ."

ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು ಅಂತಾರ. ಆಕಿ ಬೊಟ್ಟು ಎತ್ತಿದ್ಳು. ಪುಸ್ತಕ ಮುಚ್ಚಿ ಮುಂದಿನ ಹುಡುಗಿ ಕೈಯಾಗ ಕೊಟ್ಳು. ಸಾಹೇಬ್ರು ನನ್ನ ಕಡೆ ನೋಡಿದ್ರು. ಮೊಬೈಲಿನ್ಯಾಗ ಏನೋ ಒತ್ತಿ ಮುಂದಿನಾಕಿಗಿ ಓದು ಅಂದ್ರು. ಅವತ್ತ ಸಾಲಿಗಿ ಚಲೋ ಹೆಸರು ಬಂತು. ಹೆಡ್ ಮಾಸ್ತರು ಎಲ್ಲಾರಿಗೂ ಚಹಾ ತರಿಸಿದ್ರು, ನಾನೂ ಕುಡದೆ.

ಮರುದಿನ ಆಕಿ ಬರಲಿಲ್ಲ. ಅದರ ಮರುದಿನಾನೂ ಇಲ್ಲ. ಮೂರನೇ ದಿನ ಸಾಲಿ ಬಿಟ್ಟ ಮ್ಯಾಲ ಮನಿಗಿ ಹೋದ್ರ ಕೀಲಿ. ಪಡದಾಗ ಅದಾರ ಅಂತ ಬಾಜೂ ಮನಿಯವ್ರು ಹೇಳಿದ್ರು. ಹೋದೆ. ದ್ರಾಕ್ಷಿ ಕೀಳೋ ಹಂಗಾಮು, ಪಡದ ತುಂಬ ಮಂದಿ. ಅವ್ವ ಗೊನಿ ಕತ್ತರಿಸಿ ಕೊಡಾಕತ್ತಿದ್ಳು, ಹುಡುಗಿ ಕ್ರೇಟಿನ್ಯಾಗ ಒಂದೊಂದ ಜೋಡಿಸಾಕತ್ತಿದ್ಳು. ಅದೇ ರಿಬ್ಬನ್ ಇತ್ತು ಜಡ್ಯಾಗ. ನನ್ನ ನೋಡಿ ಅವ್ವ ಕೈ ಒರಸ್ಕೊಂಡು ಓಡಿ ಬಂದ್ಳು, ಖಾಲಿ ಕ್ರೇಟ್ ಬೋರಲು ಹಾಕಿ ಕೂಡ್ರಿ ಅಂದ್ಳು. ನಾ ಕೂಡಲಿಲ್ಲ.

"ಇಕಿನ್ನ ಸಾಲಿಗಿ ಕಳಸ್ರಿ" ಅಂದೆ.

"ಇವರಪ್ಪ ಬಿಡಿಸ್ಯಾನ್ರಿ" ಅಂದ್ಳು. "ಸಾಹೇಬ್ರ ಮುಂದ ನೀವ ಹೇಳೀರಂತಲ್ರಿ, ಆಕಿಗಿ ಬರೂದಿಲ್ಲಂತ. ಮಕ್ಕಳು ಬಂದು ಹೇಳಿದ್ವು. ಅಕ್ಕೋರ ಹೇಳಿದ ಮ್ಯಾಲ ಮುಗೀತು ಅಂದ ಅಂವ. ನಿಮ್ಮ ಮ್ಯಾಲ ನಮಗೇನೂ ಸಿಟ್ಟಿಲ್ರಿ. ನೀವು ಆಕಿಗಿ ಭಾಳ ಮಾಡೀರಿ, ನಮ್ಮ ಹಣ್ಯಾಗ ಇಲ್ಲ."

"ನಾ ಹೇಳಿದ್ದು ತಪ್ಪು. ಆಕಿಗಿ ಬರ್ತದ" ಅಂದೆ. ನನ್ನ ದನಿ ನನಗ ಹೊಸದಾಗಿ ಕೇಳಿಸ್ತು.

ಆವಾಗ ಹುಡುಗಿ ತಲಿ ಎತ್ತಿದ್ಳು. ಕೈಯಾಗ ದ್ರಾಕ್ಷಿ ಗೊನಿ ಹಂಗ ಇತ್ತು. "ನನಗ ಬರ್ತಿತ್ರಿ ಅಕ್ಕೋರ" ಅಂದ್ಳು. "'ಮ' ಅನ್ನಾಕ ತುಟಿ ಕೂಡಿಸಿದ್ನಲ್ರಿ. ಬಿಡೂದರಾಗ ನೀವು ಅಂದುಬಿಟ್ರಿ."

ಬಾಯಿ ಪೂರಾ ಮುಚ್ಚು, ಆಮ್ಯಾಲ ಬಿಡು ಅಂತ ದಿನಾ ಹೇಳಿಕೊಟ್ಟಾಕಿ ನಾನ. ಆಕಿ ಓದಾಕ ಶುರು ಮಾಡಿದ್ಳು. ಆ ಕ್ಲಾಸಿನ್ಯಾಗ ಅದು ತಿಳಿಯಬೇಕಾದಾಕಿ ನಾ ಒಬ್ಬಾಕಿನ ಇದ್ದೆ.

"ಕೇಳ್ರಿ, ಆಕಿ ಹೇಳೋದು ಖರೇ ಐತಿ" ಅಂತ ಅವ್ವನ ಕೈ ಹಿಡದೆ. "ನಾ ದುಡುಕಿ ಹೇಳೇನಿ. ಸುಳ್ಳು ಹೇಳೇನಿ ಅಂತ ತಿಳಕೋರಿ. ಅವರಪ್ಪಗ ನಾ ಬಂದು ಹೇಳ್ತೇನಿ."

ಆ ಹೆಣಮಗಳು ಮೆತ್ತಗ ನಕ್ಕು ಕೈ ಬಿಡಿಸಿಕೊಂಡ್ಳು. ನಾ ಮಗಳ ಮನಸ್ಸು ನೋಯಬಾರದಂತ ಹಂಗ ಹೇಳಾಕತ್ತೇನಿ ಅಂತ ತಿಳಕೊಂಡಿದ್ಳು. ಆಮ್ಯಾಲ ಮಗಳ ಕಡೆ ತಿರುಗಿ ಸಣ್ಣ ದನಿಯಾಗ ಬೈದ್ಳು, "ಸುಮ್ನ ಕೆಲಸ ಮಾಡ ಹುಚ್ಚಿ. ಅಕ್ಕೋರು ಎಲ್ಲೆರ ಸುಳ್ಳು ಹೇಳ್ತಾರೇನು?"

ಹುಡುಗಿ ನನ್ನ ಮಾರಿ ಒಮ್ಮೆ ನೋಡಿದ್ಳು. ಗೊನಿ ಕ್ರೇಟಿನ್ಯಾಗ ಇಟ್ಳು, ಇನ್ನೊಂದಕ್ಕ ಕೈ ಚಾಚಿದ್ಳು.